ಅಡುಗೆಯ ಅಕ್ಕ ಮತ್ತು ನನ್ನ ಕಪ್ಪು ಹಲ್ಲು

ಮೊನ್ನೆ ಜೇವರ್ಗಿಯಲ್ಲಿ ನಮ್ಮ ಪಕ್ಕದ ಮನೆಯಿಂದ ತಂಬಾಕು ಹುರಿಯುವ ಘಾಟು ಬಂತು. ಅದನ್ನು ಹಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿದರೆ ಮಿಶ್ರಿ. ನಮ್ಮ ಕಡೆ ಎಷ್ಟೋ ಹೆಂಗಸರು ಅದರಲ್ಲೇ ಹಲ್ಲು ತಿಕ್ಕುತ್ತಾರೆ. ಕೆಮ್ಮುತ್ತ ಕಿಟಕಿ ಮುಚ್ಚಲು ಹೋದವಳು ಹಾಗೇ ನಿಂತುಬಿಟ್ಟೆ. ನಾನು ಓದಿದ ಅಫಜಲಪುರದ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಅಕ್ಕ ನೆನಪಾದಳು...

ಏಳು ವರ್ಷದವಳಿದ್ದಾಗ ನಾನು ಹಲ್ಲುನೋವೆಂದು ಅತ್ತರೆ, ಅಜ್ಜಿ ಪ್ರೀತಿಯಿಂದಲೇ ಚಿಟಿಕೆ ಮಿಶ್ರಿ ಹಚ್ಚಿದ್ದಳು. ನೋವು ಇಳಿಯಿತು, ಚಟ ಹತ್ತಿತು. ಎಂಟನೇ ತರಗತಿಗೆ ಬರುವಷ್ಟರಲ್ಲಿ ಮುಂದಿನ ಹಲ್ಲುಗಳು ಕಪ್ಪಾಗಿ, ಒಂದು ಹುಳುಕಾಗಿತ್ತು. ತರಗತಿಯಲ್ಲಿ ನನ್ನ ಹೆಸರೇ 'ಮಿಶ್ರಿ ಮುದುಕಿ' ಆಯಿತು. ಉತ್ತರ ಗೊತ್ತಿದ್ದರೂ ಬಾಯಿ ಬಿಡುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದೆ. ಕೊನೆಗೆ ಶಾಲೆ ಬಿಡುತ್ತೇನೆಂದು ಮನೆಯಲ್ಲಿ ಹೇಳಿಯೂಬಿಟ್ಟೆ, ಅವರೇನೂ ಬೇಡವೆನ್ನಲಿಲ್ಲ.

ಒಂದು ಮಧ್ಯಾಹ್ನ ಊಟದ ಸಾಲಿನಲ್ಲಿ ಹುಡುಗರು ಆ ಹೆಸರು ಕೂಗಿದರು. ಅಕ್ಕ ಸಾರಿನ ಸೌಟು ಹಿಡಿದೇ ಹೊರಗೆ ಬಂದಳು.

"ಯಾಂವಲೇ ಕರದಾಂವ? ಮಿಶ್ರಿ ತಿಕ್ಕಾಕಿ ನಾ ಇಲ್ಲೇ ನಿಂತೇನಿ. ಏನ್ ಕೆಲ್ಸ ಅದ, ಹೇಳ್ರಿ!"

ಎಂದವಳೇ ತನ್ನ ಕರ್ರಗಿನ ಹಲ್ಲು ಅಷ್ಟೂ ಕಿಸಿದು ತೋರಿಸಿದಳು. ಶೂರರು ತಟ್ಟೆ ಹಿಡಿದು ಸಾಲಿನ ಹಿಂದಕ್ಕೆ ಸರಿದರು. ಸಾರು ಬಡಿಸುವವಳನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾರಿಗಿತ್ತು!

ಆಕೆ ಅಷ್ಟಕ್ಕೇ ಬಿಡಲಿಲ್ಲ. ನನ್ನ ಮಿಶ್ರಿ ಡಬ್ಬಿ ಕಸಿದುಕೊಂಡಳು. ದಸರಾ ರಜೆಯಲ್ಲಿ ಅವ್ವನನ್ನು ಒಪ್ಪಿಸಿ, ಮೂರು ಸಲ ಬಸ್ಸು ಹತ್ತಿಸಿ ಕಲಬುರಗಿಯ ಹಲ್ಲಿನ ದವಾಖಾನೆಗೆ ಕರೆದೊಯ್ದಳು. ಅಲ್ಲಿ ಹುಳುಕು ತುಂಬಿದರು, ಕಪ್ಪು ತೆಗೆದರು. ಕೊನೆಯ ದಿನ ಡಾಕ್ಟರು ಆಕೆಗೂ, "ನೀವೂ ಕೂಡ್ರಿ, ನೋಡ್ತೇನಿ" ಎಂದರು.

"ನಂದೇನ್ ನೋಡ್ತೀರಿ ಸಾಹೇಬ್ರ, ಸಾಲಿಗಿ ಹೋಗಾಕಿ ಇಕಿರಿ," ಎಂದು ನಕ್ಕಳು. ನಾನೂ ನಕ್ಕೆ. ಕನ್ನಡಿಯಲ್ಲಿ ಹಲ್ಲು ನೋಡಿಕೊಳ್ಳುವ ಸಂಭ್ರಮ ನನಗೆ.

ನಾನು ಶಾಲೆ ಬಿಡಲಿಲ್ಲ. ಇಂದು ಪಾಠ ಹೇಳಿಯೇ ಅನ್ನ ಉಣ್ಣುತ್ತಿದ್ದೇನೆ. ಅದು ಆಕೆ ಕೊಟ್ಟದ್ದು. ಮಿಶ್ರಿಯಿಂದ ಮುಂದೆ ಆಕೆಯ ಬಾಯಲ್ಲೆದ್ದ ಹುಣ್ಣು ಮಾತ್ರ ಮಾಯಲೇ ಇಲ್ಲ... ಟೀಚರಾದೆನೆಂದು ಹೇಳಲು ಹೋದಾಗ ಆಕೆಯ ಮಾತು ನಿಂತಿತ್ತು. ಗದ್ದ ಹಿಡಿದೆತ್ತಿ ನನ್ನ ಹಲ್ಲು ನೋಡಿದಳು. ಆ ತಿಂಗಳಲ್ಲೇ ಹೋದಳು.

ಈಗ ನಮ್ಮ ಶಾಲೆಗೆ ಹಲ್ಲಿನ ಡಾಕ್ಟರು ಬಂದಾಗ, ಮಕ್ಕಳ ಜೊತೆ ಬಂದ ಅವ್ವಂದಿರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದೆ ಸರಿಯುತ್ತಾರೆ. ನಾನು ಬಿಡುವುದಿಲ್ಲ, ಕೈ ಹಿಡಿದು ಕುರ್ಚಿಯಲ್ಲಿ ಕೂರಿಸುತ್ತೇನೆ. ಅಂದು ಅಕ್ಕನನ್ನು ಹೀಗೆ ಎಳೆದು ಕೂರಿಸಬೇಕೆಂದು ನನಗೆ ಹೊಳೆಯಲಿಲ್ಲ.