ಫೈಲು ಬೋರಲು ಹಾಕುತ್ತಿದ್ದ ಸುಶೀಲಾ ಮೇಡಂ

ಸುಶೀಲಾ ಮೇಡಂ ಮಾನಸಿಕ ರೋಗಿಗಳ ವಾರ್ಡಿಗೆ ಕಾಲಿಟ್ಟರೆ ಮೊದಲು ಮಾಡುತ್ತಿದ್ದ ಕೆಲಸ, ನಮ್ಮ ಕೈಯಲ್ಲಿದ್ದ ಕೇಸ್ ಫೈಲುಗಳನ್ನೆಲ್ಲ ಕಸಿದುಕೊಂಡು ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕುವುದು. ಆಮೇಲೆ ರೋಗಿಯ ಮಂಚದ ಮೇಲೇ ಕೂತು, ಯಾರಾದರೂ ಸರಿ, ಅದೇ ಮಾತು ಕೇಳುತ್ತಿದ್ದರು: "ಊಟ ಆತೇನ್ರಿ? ಏನ್ ಉಂಡ್ರಿ ಇವತ್ತ?"

ರಾಣೆಬೆನ್ನೂರಿನ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಅವರು ಮನೋರೋಗಿಗಳ ಶುಶ್ರೂಷೆ ಕಲಿಸುತ್ತಿದ್ದರು. ಗಿಡ್ಡ ಆಳು, ಗಂಟಲು ಮಾತ್ರ ದೊಡ್ಡದು. ಹಾವೇರಿಯ ವಾರ್ಡಿಗೆ ಹೋಗುವ ದಿನ ಬಸ್ಸಿನಲ್ಲೇ ನಮ್ಮ ಜೀವ ಬಾಯಿಗೆ ಬರುತ್ತಿತ್ತು. ಹಲಗೇರಿಯಿಂದ ನಮ್ಮವ್ವ ಬೇರೆ ಫೋನು ಮಾಡಿ, ಹುಚ್ಚರ ಸಂಗಡ ಓಡಾಡಿದರೆ ನಾಳೆ ನಿನಗೆ ಗಂಡು ಸಿಗುತ್ತದೇನು ಎಂದು ಹೆದರಿಸಿದ್ದಳು. ಮೊದಲ ದಿನ ನಾನು ಬಾಗಿಲ ಬಳಿ ಗೋಡೆಗಂಟಿ ನಿಂತೆ. ಮೇಡಂ ಬೈಯಲಿಲ್ಲ. ವಾರ್ಡಿನಲ್ಲಿದ್ದ ಕಾಗಿನೆಲೆ ಕಡೆಯ ಒಬ್ಬ ರೋಗಿ ಹೆಂಗಸಿನ ಮುಂದೆ ನನ್ನನ್ನು ಕೂರಿಸಿ, ಆಕೆಯ ಕೈಗೆ ಹಣಿಗೆ ಕೊಟ್ಟು ಹೋಗಿಬಿಟ್ಟರು. ಆಕೆ ನನ್ನ ಜಡೆ ಬಿಚ್ಚಿ, ನಮ್ಮವ್ವನಷ್ಟೇ ಬಿಗಿಯಾಗಿ ಹೆಣೆದಳು. ಅರ್ಧ ಹೆದರಿಕೆ ಅಲ್ಲೇ ಇಳಿಯಿತು.

ಬರುವಾಗ ಬಸ್ಸಿನಲ್ಲಿ ಮೇಡಂ ಹೇಳಿದರು: "ಗುಳಿಗಿ ತಗೊಂಡ್ರೇನು ಅಂತ ಮೊದಲ ಕೇಳಬ್ಯಾಡ್ರವಾ. ಮನ್ಯಾಗ, ಓಣ್ಯಾಗ ಎಲ್ಲಾರೂ ಅದನ್ನ ಕೇಳಿರ್ತಾರ. ಕೇಳಬೇಕು, ಖರೇ. ಆದ್ರ ಮನಶ್ಯಾನ್ನ ಮಾತಾಡಿಸಿದ ಮ್ಯಾಲ ಕೇಳ್ರಿ."

ಒಂದು ದಿನ ತಮ್ಮ ಚೀಲದಿಂದ ಪೆನ್ನು ತರಲು ಅವರೇ ನನ್ನನ್ನು ಕಳಿಸಿದರು. ಒಳಗೆ ಅರ್ಧ ಖಾಲಿಯಾದ ಗುಳಿಗೆಯ ಹಾಳೆ ಸಿಕ್ಕಿತು. ಅದನ್ನು ಯಾವ ಮಾನಸಿಕ ಕಾಯಿಲೆಗೆ ಕೊಡುತ್ತಾರೆಂದು ಹಿಂದಿನ ವಾರವಷ್ಟೇ ಅವರೇ ಕಲಿಸಿದ್ದರು. ಬೆಂಕಿ ಬೀಳಲಿ ನನ್ನ ನಾಲಿಗೆಗೆ, ಹಾಸ್ಟೆಲಿನಲ್ಲಿ ಒಬ್ಬಳಿಗೆ ಹೇಳಿದೆ. ಒಬ್ಬಳಿಗಷ್ಟೇ. ಸಂಜೆಯ ಊಟದ ಸಾಲಿನಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ಮರುದಿನದಿಂದ ಅವರು ತಂದ ಮಂಡಕ್ಕಿ ಗಿರಮಿಟ್ಟಿಗೆ ಯಾರೂ ಕೈ ಚಾಚಲಿಲ್ಲ. ಅವರು ಗಂಟಲು ಏರಿಸಿದರೆ ಹಿಂದಿನ ಬೆಂಚಿನವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ನಾನೂ ನೋಡಿದೆ. ಪಾಲಕರು ಬಂದು ತಕರಾರು ತೆಗೆದರು. ಒಂದು ಪಾಠವನ್ನೂ ತಪ್ಪಿಸದ ಹೆಣ್ಣುಮಗಳನ್ನು, ಸ್ವಲ್ಪ ದಿನ ಆರಾಮ ತಗೊಳ್ಳಿ ಎಂದು ಕಾಲೇಜಿನವರು ಮನೆಗೆ ಕಳಿಸಿದರು. ಮತ್ತೆ ಕರೆಯಲಿಲ್ಲ.

ಮೂರು ವರ್ಷ ಕಳೆದು ನಾನೂ ನರ್ಸ್ ಆದೆ, ಅದೂ ಅಂಥದೇ ವಾರ್ಡಿನಲ್ಲಿ. ಎದೆಯೊಳಗಿನ ಚುಚ್ಚು ತಡೆಯಲಾರದೆ, ತಪ್ಪಾಯಿತೆಂದು ಹೇಳಿಬಿಡೋಣ ಅಂತ ಬ್ಯಾಡಗಿಯ ಅವರ ಮನೆಗೆ ಹೋದೆ. ಮಧ್ಯಾಹ್ನ ಎರಡು ದಾಟಿತ್ತು. ಪಡಸಾಲೆಯಲ್ಲಿ ಮೆಣಸಿನಕಾಯಿ ಹರವಿಕೊಂಡು ತೊಟ್ಟು ಬಿಡಿಸುತ್ತಿದ್ದರು. ಬಹಳ ಸೊರಗಿದ್ದರು. ನನ್ನನ್ನು ಕಂಡು ಮುಖ ಅರಳಿತು. ಕಾಯಿ ಸರಿಸಿ ಪಕ್ಕದಲ್ಲೇ ಜಾಗ ಮಾಡಿದರು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತು ಹೊರಡಲಿಲ್ಲ. ದಿನಕ್ಕೆ ಮೂವತ್ತು ಸಲ ಆಡಿ ರೂಢಿಯಾದ ಮಾತೇ ಬಂತು.

"ಗುಳಿಗಿ ಬರೋಬ್ಬರಿ ತಗೊಳ್ಳಾಕತ್ತೀರೇನ್ರಿ ಮೇಡಂ?"

ಅವರ ಕೈ ನಿಂತಿತು. "ತಗೊಳ್ಳಾಕತ್ತೇನವಾ," ಎಂದರು. ಆ ದೊಡ್ಡ ಗಂಟಲು ಎಲ್ಲಿ ಹೋಗಿತ್ತೋ. ನಾಲ್ಕು ಕಾಯಿ ಬಿಡಿಸಿದ ಮೇಲೆ, ನನ್ನ ಕಡೆ ನೋಡದೆ, "ನೀನೂ ಫೈಲ್ ಮೊದಲ ತೆಗದಿ ನೋಡು," ಎಂದರು.

ತಪ್ಪಾಯಿತೆಂದು ಹೇಳುವುದು ಅಲ್ಲಿಗೇ ಉಳಿಯಿತು. ಅಳು ಬಂತು, ಮೆಣಸಿನಕಾಯಿಯ ಘಾಟು ಎಂದು ನೆಪ ಹೇಳಿ ಎದ್ದು ಬಂದೆ.

ಹೋದ ವರ್ಷ ಎದೆನೋವು ಬಂದು ಮೇಡಂ ತೀರಿಕೊಂಡರು. ಮಣ್ಣು ಮಾಡಿದ ಎರಡು ದಿನಕ್ಕೆ ನನಗೆ ಸುದ್ದಿ ಮುಟ್ಟಿತು. ಈಗ ಹೊಸ ಹುಡುಗಿಯರು ವಾರ್ಡಿಗೆ ಬಂದರೆ ಅವರ ಫೈಲು ಕಸಿದು ಬೋರಲು ಹಾಕುತ್ತೇನೆ, ಊಟ ಆತೇನು ಅಂತ ಮೊದಲು ಕೇಳ್ರಿ ಎಂದು ಗದರುತ್ತೇನೆ. ಆ ಮಧ್ಯಾಹ್ನ ಸುಶೀಲಾ ಮೇಡಂ ಉಂಡಿದ್ದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.