ಸಾಲಿನ ಕೊನೆಯಲ್ಲಿ ಕೂತ ಅಕ್ಷರ

ಮಾವನವರಿಗೆ ಪತ್ರಿಕೆ ಓದಿ ಹೇಳುವಾಗ ನಾನು ಕಳ್ಳತನ ಮಾಡುತ್ತಿದ್ದೆ. ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಅರ್ಧ ಸುದ್ದಿ ಹಾರಿಸಿಬಿಡುತ್ತಿದ್ದೆ. ಕಣ್ಣು ಹೋದವರಿಗೆ ಏನು ಗೊತ್ತಾಗುತ್ತದೆ ಎಂಬ ಧೈರ್ಯ. ಒಂದು ದಿನ ಅವರೇ, "ಇನ್ನ ಓದೂದು ಬ್ಯಾಡವಾ, ನಿನಗ ಹೊತ್ತಾಗತೈತಿ" ಎಂದರು. ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಚುಚ್ಚಿತು.

ನಾನು ಮೊರಬದಿಂದ ನವಲಗುಂದಕ್ಕೆ ಹೋಗಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು. ಮಾವನವರು ಒಂದು ಕಾಲಕ್ಕೆ ಅಣ್ಣಿಗೇರಿಯಲ್ಲಿ ಟೈಪಿಂಗ್ ಕ್ಲಾಸು ನಡೆಸಿದವರು. ಸುದ್ದಿ ಓದಿ ಹೇಳುವ ಫೋನು ಕೊಟ್ಟು ನೋಡಿದೆ, ಅದರ ನುಣುಪು ಗಾಜು ಅವರ ಬೆರಳಿಗೆ ಒಗ್ಗಲಿಲ್ಲ. ಒತ್ತಿದರೆ ಒತ್ತಿದಂತೆ ಅನಿಸುವ ಕೀಲಿಯೇ ಬೇಕು. ಹಾಗಾಗಿ ಮನೆಯ ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿ, ಒಂದೇ ಕೀಲಿ ಒತ್ತಿದರೆ ಅಂದಿನ ಪತ್ರಿಕೆಯನ್ನು ಅಂತರ್ಜಾಲದಿಂದ ತೆಗೆದು ಗಟ್ಟಿಯಾಗಿ ಓದುವಂತೆ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದೆ. ಸ್ಕ್ರಿಪ್ಟ್ ಎಂದರೆ ಯಂತ್ರಕ್ಕೆ ಕೊಡುವ ಆಜ್ಞೆಗಳ ಪಟ್ಟಿ, ಅಷ್ಟೇ. ಬರೆದದ್ದು ಮಾತ್ರ ಶಾಲೆಯ ವಿಂಡೋಸ್ ಕಂಪ್ಯೂಟರಿನಲ್ಲಿ.

ಭಾನುವಾರ ಬೆಳಿಗ್ಗೆ ಮಾವನವರು ಒಗೆದ ಅಂಗಿ ತೊಟ್ಟು ಬಂದು ಕೂತರು. ಕೀಲಿ ಒತ್ತಿದರು. ದನಿಯೇ ಇಲ್ಲ. ಅಂಥ ಫೈಲೇ ಇಲ್ಲವೆಂದು ಪರದೆ ಹೇಳುತ್ತಿತ್ತು. ಫೈಲು ನನ್ನ ಕಣ್ಣೆದುರಿಗೇ ಇತ್ತು! ಅಕ್ಷರ ಅಕ್ಷರ ನೋಡಿದೆ, ಎಲ್ಲೂ ತಪ್ಪಿಲ್ಲ. ಎರಡು ತಾಸು ಕಳೆಯಿತು.

"ನಾ ಒತ್ತಿದ್ದ ತಪ್ಪಾತೇನವಾ?" ಎಂದು ಮಾವನವರು ಮೆಲ್ಲಗೆ ಕೈ ಹಿಂದೆಗೆದುಕೊಂಡರು.

ಕೊನೆಗೆ, ಕಾಣದ ಅಕ್ಷರಗಳನ್ನೂ ತೋರಿಸುವ ಆಜ್ಞೆ ಕೊಟ್ಟೆ. ಪ್ರತಿ ಸಾಲಿನ ತುದಿಯಲ್ಲೂ ಒಂದೊಂದು ಕೂತಿತ್ತು.

"ಕಣ್ಣಿಗೆ ಕಾಣದ ಅಕ್ಷರ ಐತ್ರಿ ಮಾವಾರ. ಕ್ಯಾರೇಜ್ ರಿಟರ್ನ್ ಅಂತಾರ್ರಿ."

ಅವರು ಮುಖ ಎತ್ತಿದರು. "ಅದನ್ನ ನಾ ನಿನಗ ಹೇಳ್ತೇನಿ, ತಡಿ." ಎಡಗೈ ಚಾಚಿ, ಗಾಳಿಯಲ್ಲೇ ಟೈಪ್‌ರೈಟರಿನ ಹಿಡಿಕೆಯನ್ನು ಬಲಕ್ಕೆ ದೂಡಿದರು. "ಒಂದ ಸಲ ದೂಡಿದ್ರ ಎರಡ ಕೆಲಸ ಆಗ್ತಿದ್ವು. ಕಾಗದ ಹಿಡದ ಕ್ಯಾರೇಜು ಸಾಲಿನ ಸುರುವಿಗೆ ಬರತಿತ್ತು, ಕಾಗದ ಒಂದ ಸಾಲು ಮ್ಯಾಲೆ ಏರತಿತ್ತು."

ಎಂಟರ್ ಒತ್ತಿದಾಗಲೆಲ್ಲ ವಿಂಡೋಸ್ ಆ ಎರಡಕ್ಕೂ ಒಂದೊಂದು ಗುರುತು ಬರೆಯುತ್ತದೆ. ಲಿನಕ್ಸಿಗೆ ಎರಡನೆಯದೊಂದೇ ಸಾಕು. ಮೊದಲನೆಯದನ್ನು ಅದು ಫೈಲಿನ ಹೆಸರಿನದೇ ಭಾಗವೆಂದುಕೊಂಡು, ಇಲ್ಲದ ಫೈಲನ್ನು ಹುಡುಕುತ್ತಿತ್ತು. ವರ್ಷಗಟ್ಟಲೆ ಮಕ್ಕಳಿಗೆ ಎಂಟರ್ ಒತ್ತಿರಿ ಎಂದು ಹೇಳಿಕೊಟ್ಟ ನಾನು ಅಂದು ಅದರ ಅರ್ಥ ಕಲಿತೆ.

ಆ ಕಾಣದ ಅಕ್ಷರಗಳನ್ನೆಲ್ಲ ಅಳಿಸಿದೆ. ಮಾವನವರು ಮತ್ತೆ ಒತ್ತಿದರು. ಯಂತ್ರ ಓದತೊಡಗಿತು. ಅವರು ತಲೆ ಬಾಗಿಸಿ ಪೂರ್ತಿ ಕೇಳಿ, "ಚಲೋ ಓದತೈತಿ. ಆದ್ರ ಪೂರ್ಣವಿರಾಮ ಬಂದಲ್ಲಿ ನಿಂದರೂದಿಲ್ಲ. ಅದಕ್ಕ ಕಲಸೂಣು" ಎಂದರು.

ಈಗ ಅದು ಓದುವಷ್ಟು ಹೊತ್ತು ನಾವಿಬ್ಬರೂ ಚಹಾ ಕುಡಿಯುತ್ತೇವೆ. ನಡುವೆ ಯಂತ್ರವನ್ನು ನಿಲ್ಲಿಸಿ ಅವರು ಏನಾದರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಇಷ್ಟು ದಿನ ಸುದ್ದಿ ಓದಿದ್ದೆನೇ ಹೊರತು ಅವರೊಡನೆ ಮಾತಾಡಿಯೇ ಇರಲಿಲ್ಲ.