ಔತಣದೂಟಕ್ಕೆ ಮುದ್ದೆಯ ಉತ್ತರ

ಕಳೆದ ವಾರ ನಾನು ಒಂದು ಬಸ್ ಕಂಪನಿಯನ್ನೇ ಮಾರಿಬಿಡುವುದರಲ್ಲಿದ್ದೆ. ಬೆಲೆ? ನಾಲ್ಕು ಹೋಳಿಗೆ, ಒಂದು ಬಟ್ಟಲು ಐಸ್‌ಕ್ರೀಂ.

ಯಲ್ದೂರಿನಿಂದ ಶ್ರೀನಿವಾಸಪುರದ ಮೇಲೆ ಕೋಲಾರಕ್ಕೆ, ಪೆಟ್ರೋಲ್ ಸಿಗದ ಈ ಯುದ್ಧಕಾಲದಲ್ಲಿ ಇದ್ದಿಲು ಗ್ಯಾಸಿನಲ್ಲಿ ಕೆಮ್ಮುತ್ತ ಹೋಗುವ ನಮ್ಮ ಬಸ್ಸು ನಿಮಗೆ ಗೊತ್ತಲ್ಲ? ಅದರ ಷೇರುಗಳೆಲ್ಲ ಊರಿನ ಹತ್ತಾರು ಮನೆಗಳಲ್ಲೇ ಇವೆ. ಅಷ್ಟನ್ನೂ ಒಟ್ಟಿಗೆ ಕೊಳ್ಳಲು ಬೆಂಗಳೂರಿನ ದೊಡ್ಡ ಕಂಪನಿಯೊಂದು ಬಂತು. ಅದರ ಡೈರೆಕ್ಟರ್ ಸಾಹೇಬರು ಕೋಲಾರದಲ್ಲಿ ಬಂಗಲೆ ಹಿಡಿದು ನಮಗೆಲ್ಲ ಔತಣ ಹಾಕಿದರು. ಹೊರಗೆ ಜನ ರೇಷನ್ ಅಕ್ಕಿಗೆ ಕ್ಯೂ ನಿಂತಿದ್ದರು. ಒಳಗೆ ಬೆಳ್ಳಿ ತಟ್ಟೆ, ಬ್ಯಾಂಡು, ಕೈ ತೊಳೆಯಲು ಪನ್ನೀರು. (ಆ ಕೈಯನ್ನು ಮನೆ ಸೇರುವವರೆಗೂ ಮೂಸಿಕೊಂಡೆ. ಸುಳ್ಳೇಕೆ ಹೇಳಲಿ?)

ಊಟದ ನಡುವೆ ಸಾಹೇಬರು ನಗುತ್ತ, "ಲಾಭವಿಲ್ಲದ ಈ ಲೈನ್ ನಿಲ್ಲಿಸಿ, ಬಸ್ಸನ್ನ ಬೆಂಗಳೂರಿನ ಕಡೆ ಓಡಿಸ್ತೀವಿ. ನಾಳೆ ಊರಿಗೇ ಬಂದು ಸಹಿ ತಗೋತೀವಿ" ಎಂದರು. ನಾವು ತಲೆದೂಗಿದೆವು. ಉಂಡ ಮನೆಯವರಿಗೆ ಇಲ್ಲ ಅನ್ನುವುದು ಹೇಗೆ? ನಮ್ಮ ಈ ದಾಕ್ಷಿಣ್ಯ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಉಣ್ಣದೆ ಕುಳಿತಿದ್ದವಳು ನನ್ನ ಚಿಕ್ಕಮ್ಮ ಒಬ್ಬಳೇ. ಚಿಕ್ಕಪ್ಪ ತೀರಿಕೊಂಡ ಮೇಲೆ ಅವರ ಷೇರು ಅವಳದು. ಮಗಳು ಕಮಲ ಆ ಬಸ್ಸಿನಲ್ಲೇ ಶ್ರೀನಿವಾಸಪುರದ ಸ್ಕೂಲಿಗೆ ಹೋಗುತ್ತಾಳೆ. ಬಸ್ಸು ನಿಂತರೆ ಓದೂ ನಿಂತಂತೆಯೇ.

ದಾರಿಯಲ್ಲಿ ಕೇಳಿದೆ, "ಯಾಕೆ ಚಿಕ್ಕಮ್ಮ, ಹೊಟ್ಟೆ ಸರಿಯಿಲ್ವಾ?"

"ಹೊಟ್ಟೆ ಸರಿಯಾಗೇ ಐತೆ ಕಣೋ. ತಿಂದ್ರೆ ಬಾಯಿ ಕಟ್ಟೋಗ್ತದೆ ಅಂತ ಬಿಟ್ಟೆ. ನೀವು ತಿಂದ್ರಲ್ಲ, ನಾಳೆ ಅವ್ರಿಗೂ ಉಣ್ಣಾಕಿಕ್ಕಿ. ಸರಿಗೆ ಸರಿ."

ಅಷ್ಟೇ. ಮಾರನೇ ದಿನ ಸಾಹೇಬರು ಕಾಗದ ಹಿಡಿದು ಬಂದಾಗ ಚಿಕ್ಕಮ್ಮನ ಜಗಲಿಯಲ್ಲಿ ಎಲೆ ಹಾಕಿತ್ತು, ಷೇರಿನವರೆಲ್ಲ ಸಾಲಾಗಿ ಕೂತಿದ್ದೆವು. ರಾಗಿ ಒಂದು ಮನೆಯದು, ಅವರೆಕಾಳು ಇನ್ನೊಂದು ಮನೆಯದು, ತುಪ್ಪ ನಮ್ಮದು. ಸಾಹೇಬರು ಮುದ್ದೆಯನ್ನು ಅಗಿಯತೊಡಗಿದರು.

"ಅಗೀಬ್ಯಾಡಿ ಸ್ವಾಮಿ, ನುಂಗಿ" ಎಂದು ಚಿಕ್ಕಮ್ಮ ಹೇಳಿಕೊಟ್ಟಳು. ಇನ್ನೊಂದು ಮುದ್ದೆ ಹಾಕಿಸಿಕೊಂಡರು, ಪಾಪ.

ಕೈ ತೊಳೆದು ಕಾಗದ ಬಿಚ್ಚಿದರು. ಚಿಕ್ಕಮ್ಮ ತಾಂಬೂಲದ ತಟ್ಟೆ ಮುಂದಿಟ್ಟಳು. "ನಿಮ್ಮಲ್ಲಿ ಇವ್ರು ಉಂಡ್ರು, ನಮ್ಮಲ್ಲಿ ನೀವು ಉಂಡ್ರಿ. ಬಸ್ಸು ಮಾತ್ರ ಮಾರಲ್ಲ ಸ್ವಾಮಿ."

ಔತಣಕ್ಕೆ ಕಟ್ಟಿದ್ದ ನನ್ನ ಬಾಯೂ ಆಗ ಬಿಚ್ಚಿತು. "ನಾನೂ ಮಾರಲ್ಲ" ಎಂದೆ. ಎಷ್ಟು ಹಗುರವಾಯಿತು ಅಂತೀರಿ. ಜಗಲಿಯ ತುದಿಯವರೆಗೂ ಅದೇ ಮಾತು ಒಬ್ಬೊಬ್ಬರ ಬಾಯಿಂದ ಬಂತು.

ಈ ಬೆಳಿಗ್ಗೆಯೂ ಕಮಲ ಪುಸ್ತಕ ಹಿಡಿದು ಬಸ್ಸು ಹತ್ತಿದಳು. ಊರೂರಿನ ಕಂಪನಿಗಳನ್ನು ಒಂದೊಂದು ಊಟಕ್ಕೆ ಕೊಳ್ಳುವ ದೊಡ್ಡವರೇ, ನಿಮ್ಮ ಪ್ರಕಾರ ಆ ಹುಡುಗಿ ಲಾಭವೋ, ನಷ್ಟವೋ?